ಆ ಭಾನುವಾರ ಬಟ್ಟಲಲ್ಲಿದ್ದದ್ದು

ನನ್ನ ಜಾಗಕ್ಕೆ ಬಂದಿರುವ ಪುಷ್ಪಾ ಮೊದಲ ದಿನ ಬೀಗದ ಕೈ ಗೊಂಚಲು ತೆಗೆದುಕೊಳ್ಳುತ್ತ, "ಅಂಕಲ್, ಈ ಕೆಲಸದಲ್ಲಿ ತುಂಬಾ ಕಷ್ಟ ಅಂದ್ರೆ ಯಾವ್ದು? ಗಂಟೆ ಹೊಡೆಯೋದಾ, ಬೆಂಚು ಒರೆಸೋದಾ?" ಎಂದು ಕೇಳಿದಳು. "ಎಲ್ಲಾ ಸುಲಭಾನೇ ಕಣಮ್ಮ" ಎಂದುಬಿಟ್ಟೆ. ಶುದ್ಧ ಸುಳ್ಳು. ಮನೆಗೆ ಬಂದ ಮೇಲೆ ಆ ಸುಳ್ಳು ಚುಚ್ಚತೊಡಗಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪುಷ್ಪಾ ಓದಲಿ, ಅವಳ ನಂತರ ಬರುವವರೂ ಓದಲಿ.

ಹಲಸೂರಿನ ಒಂದು ಸಣ್ಣ ಕನ್ನಡ ಚರ್ಚಿನಲ್ಲಿ ನಾನು ಮೂವತ್ತೆರಡು ವರ್ಷ ಸೇವಕನಾಗಿದ್ದೆ. ಬಾಗಿಲು ತೆಗೆಯುವವನು, ಗಂಟೆ ಹೊಡೆಯುವವನು, ಬೆಂಚು ಒರೆಸುವವನು, ಮದುವೆಗೆ ಹೂವು, ಸಾವಿಗೆ ಹೂವು, ಎರಡಕ್ಕೂ ಓಡಾಡುವವನು ನಾನೇ. ನನ್ನ ಹೆಸರು ಸಮಾಧಾನಪ್ಪ. "ಆ ಹೆಸರು ಇಟ್ಟೋರನ್ನ ಕರ್ಕೊಂಡ್ ಬನ್ನಿ, ನಾನ್ ವಿಚಾರಿಸ್ಕೋತೀನಿ" ಎಂದು ನನ್ನ ಹೆಂಡತಿ ರೂತಮ್ಮ ಈಗಲೂ ಹೇಳುತ್ತಾಳೆ. ನಾನು ಹುಟ್ಟು ಗಾಬರಿ ಮನುಷ್ಯ. ಬೀಗ ಹಾಕಿ ಜೋಗುಪಾಳ್ಯದ ತಿರುವಿನವರೆಗೆ ಬಂದು, ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗಿ ಎಳೆದು ನೋಡುತ್ತಿದ್ದೆ. ಒಂದು ಸಲವಲ್ಲ, ವಾರಕ್ಕೆ ಮೂರು ಸಲ.

ಎಡವಟ್ಟುಗಳೂ ಕಡಿಮೆ ಇಲ್ಲ. ನಮ್ಮಲ್ಲಿ ಮದುವೆಗೆ ಗಂಟೆ ಬೇಗ ಬೇಗ ಹೊಡೆಯಬೇಕು, ಸಾವಿಗೆ ಒಂದೊಂದೇ ಪೆಟ್ಟು, ನಡುವೆ ಹತ್ತು ಎಣಿಸಿ. ಒಂದು ವಾರ ಸಾಲಾಗಿ ಮೂರು ಶವಸಂಸ್ಕಾರ ಆದವು. ಶನಿವಾರ ಒಂದು ಮದುವೆ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ವಧು ಕಾರಿನಿಂದ ಕಾಲು ಕೆಳಗಿಡುತ್ತಿದ್ದಂತೆ ನಾನು ಹಗ್ಗ ಹಿಡಿದು ಒಂದು ಪೆಟ್ಟು ಹೊಡೆದು ಹತ್ತು ಎಣಿಸಿದೆ. ಇನ್ನೊಂದು ಪೆಟ್ಟು ಹೊಡೆದು ಮತ್ತೆ ಎಣಿಸುತ್ತಿದ್ದಾಗ ವಧುವಿನ ಅಜ್ಜಿ "ಅಯ್ಯೋ ಕರ್ತನೇ!" ಎಂದು ಕಿರುಚಿದಳು. ಆಗ ಎಚ್ಚರವಾಯಿತು.

ನಮ್ಮ ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಆಗ ಇದ್ದ ಅಯ್ಯನವರು ಬಹಳ ಶಿಸ್ತಿನವರು. ಮೇಜಿನ ಬಿಳಿ ಬಟ್ಟೆಯಲ್ಲಿ ಒಂದು ಮಡಿಕೆ ಹೆಚ್ಚಿದ್ದರೂ ಮತ್ತೆ ಇಸ್ತ್ರಿ ಮಾಡಿಸುತ್ತಿದ್ದರು. ಮದುವೆ ಮುಗಿದ ಮೇಲೆ ನನ್ನನ್ನು ಒಳಕೋಣೆಗೆ ಕರೆದು, "ಸಮಾಧಾನ, ಇನ್ನೊಂದ್ಸಲ ಏನಾದ್ರೂ ಎಡವಟ್ಟಾದ್ರೆ ಕಮಿಟಿ ಮುಂದೆ ನಿಲ್ಲಿಸ್ಬಿಡ್ತೀನಿ, ನೆನಪಿಟ್ಕೋ" ಎಂದರು. ನೆನಪಿಟ್ಟುಕೊಂಡೆ. ಅದೇ ತಪ್ಪಾಯಿತು.

ಅಯ್ಯನವರು ಕೋಪಿಷ್ಠರಾದರೂ ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದದ್ದು ಕೃಪೆಯ ಮಾತೇ. ರಕ್ಷಣೆ ಅನ್ನುವುದು ದುಡಿದು ಸಂಪಾದಿಸುವುದಲ್ಲ, ಕ್ರಿಸ್ತನು ಬಿಟ್ಟಿ ಕೊಟ್ಟದ್ದು, ನಂಬಿ ಕೈ ಚಾಚಿದರೆ ಸಾಕು ಎಂದು ವೇದಿಕೆ ತಟ್ಟಿ ಹೇಳುತ್ತಿದ್ದರು. ಬಾಗಿಲ ಬಳಿ ನಿಂತು ಆ ಪ್ರಸಂಗವನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಕೇಳುತ್ತಲೇ, ಮೈಕಿನ ಬ್ಯಾಟರಿ ಕೊನೆಯವರೆಗೆ ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಆ ಮಾತು ಒಳಗಿಳಿಯದ ಇನ್ನೊಬ್ಬರು ಚಿನ್ನಪ್ಪಣ್ಣ. ಮರ್ಫಿ ಟೌನಿನವರು, ಗೋಡೆಗೆ ಬಣ್ಣ ಬಳಿಯುವ ಕೆಲಸ. ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ ಇರುತ್ತದೆ. ನಮ್ಮ ಪಾಪಗಳಿಗಾಗಿ ಕ್ರಿಸ್ತನು ಪ್ರಾಣ ಕೊಟ್ಟದ್ದರ ಗುರುತಾಗಿ ರೊಟ್ಟಿ ಮುರಿದು, ಒಂದೇ ಬೆಳ್ಳಿ ಬಟ್ಟಲಿನಿಂದ ಎಲ್ಲರಿಗೂ ದ್ರಾಕ್ಷಾರಸ ಕೊಡುತ್ತಾರೆ. ಜನ ಮುಂದೆ ಹೋಗಿ ಮೊಣಕಾಲೂರಲು ಏಳುತ್ತಿದ್ದಂತೆ ಚಿನ್ನಪ್ಪಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು. ಇಪ್ಪತ್ತು ವರ್ಷ ಹೀಗೇ.

ಕಾರಣ ನನಗೆ ಅವರೇ ಹೇಳಿದ್ದರು. ಮೊದಲು ವಿಪರೀತ ಕುಡಿಯುತ್ತಿದ್ದರಂತೆ. ಒಂದು ದಿನ ಏಳು ವರ್ಷದ ಮಗಳಿಗೆ ಜ್ವರ ಏರಿ, ಔಷಧಿ ತರಲು ಹೋದವರು ಶಿವಾಜಿನಗರದ ಹೆಂಡದಂಗಡಿಯಲ್ಲಿ ಕೂತುಬಿಟ್ಟರು. ಮನೆಗೆ ಬರುವಷ್ಟರಲ್ಲಿ ಮಗು ಇರಲಿಲ್ಲ. ಔಷಧಿ ಬಾಟಲಿ ಜೇಬಿನಲ್ಲೇ ಇತ್ತು. ಅಂದಿನಿಂದ ಹನಿ ಮುಟ್ಟಲಿಲ್ಲ. ಆದರೆ ತಾನು ಯೋಗ್ಯನಲ್ಲವೆಂದು ಬಟ್ಟಲ ಹತ್ತಿರವೂ ಬರಲಿಲ್ಲ. ಅದರ ಬದಲಿಗೆ ಕ್ರಿಸ್‌ಮಸ್ ಬಂತೆಂದರೆ ಇಡೀ ಚರ್ಚಿಗೆ ಒಬ್ಬರೇ ಬಣ್ಣ ಬಳಿಯುತ್ತಿದ್ದರು. ಕೂಲಿ ಮುಟ್ಟುತ್ತಿರಲಿಲ್ಲ. ಮೋರಿ ಕಟ್ಟಿಕೊಂಡರೆ ತೆಗೆಯುವವರು ಅವರೇ, ಸಮಾಧಿ ತೋಡಲು ಆಳು ಸಿಗದಿದ್ದರೆ ಗುದ್ದಲಿ ಹಿಡಿಯುವವರೂ ಅವರೇ.

"ಚಿನ್ನಪ್ಪ, ಗೋಡೆ ಬಳಿದು ತೀರಿಸೋ ಅಂಥದ್ದಲ್ಲಪ್ಪ ಇದು. ಸುಮ್ನೆ ಬಂದು ತಗೋ" ಎಂದು ಅಯ್ಯನವರು ಏಣಿಯ ಕೆಳಗೆ ನಿಂತು ಕರೆಯುತ್ತಿದ್ದರು. ಏಣಿಯ ಮೇಲಿನಿಂದ ಒಂದೇ ಉತ್ತರ: "ಇನ್ನೂ ಆಗಿಲ್ಲ ಅಯ್ಯನವ್ರೇ. ಇನ್ನೂ ಇದೆ."

ಈಗ ಆ ಭಾನುವಾರಕ್ಕೆ ಬರುತ್ತೇನೆ.

ನಮ್ಮಲ್ಲಿ ದ್ರಾಕ್ಷಾರಸ ಅಂಗಡಿಯದಲ್ಲ, ಮದ್ಯವೂ ಅಲ್ಲ. ಒಣದ್ರಾಕ್ಷಿಯನ್ನು ನೆನೆಹಾಕಿ, ಕುದಿಸಿ, ಹಿಂಡಿ, ಸೋಸಿದ ರಸ. ವರ್ಷಗಟ್ಟಲೆ ಅದನ್ನು ಮಾಡುತ್ತಿದ್ದವಳು ರೂತಮ್ಮ. ಆ ವಾರ ಅವಳು ತಂಗಿಮಗಳ ಬಾಣಂತನಕ್ಕೆ ಕೆ.ಆರ್. ಪುರಕ್ಕೆ ಹೋಗಿದ್ದಳು. "ಶನಿವಾರ ಸಾಯಂಕಾಲ ಕುದಿಸಿ, ಆರಿದ ಮೇಲೆ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಡಿ, ಅಷ್ಟೇ" ಎಂದು ಹೇಳಿಹೋಗಿದ್ದಳು. ನಾನು ಗಾಬರಿ ಮನುಷ್ಯನಲ್ಲವೇ? ಶನಿವಾರಕ್ಕೆ ಬಿಟ್ಟರೆ ಏನಾದರೂ ಹೆಚ್ಚುಕಡಿಮೆಯಾದೀತೆಂದು ಬುಧವಾರವೇ ಕುದಿಸಿಟ್ಟೆ. ಆರಲಿ ಎಂದು ಕಟ್ಟೆಯ ಮೇಲೆ ಮುಚ್ಚಿಟ್ಟವನು ಫ್ರಿಜ್ಜಿನಲ್ಲಿಡುವುದನ್ನೇ ಮರೆತೆ. ಮುಂಚಿತವಾಗಿ ಮಾಡಿದ ಸಮಾಧಾನದಲ್ಲಿ ಮರೆತೆ! ಬಿರುಬೇಸಿಗೆ ಬೇರೆ. ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು, ಹುಳಿ ವಾಸನೆ.

ಎಂಟು ಗಂಟೆಗೆ ಆರಾಧನೆ, ಆಗಲೇ ಆರೂವರೆ. ಜೋಗುಪಾಳ್ಯಕ್ಕೆ ಓಡಿದೆ. ತೆರೆದಿದ್ದದ್ದು ಒಂದೇ ಅಂಗಡಿ.

"ಒಣದ್ರಾಕ್ಷಿ ಖಾಲಿ ಗುರು. ಗೋಡಂಬಿ ಕೊಡ್ಲಾ?" ಎಂದ ಅಂಗಡಿಯವನು.

"ಗೋಡಂಬಿ ಇಟ್ಕೊಂಡು ನಾನೇನ್ ಮಾಡ್ಲಯ್ಯಾ! ದ್ರಾಕ್ಷಿ ಜ್ಯೂಸ್ ಏನಾದ್ರೂ?"

"ಬೇಕರಿ ತೆಗಿಯೋದು ಹತ್ತು ಗಂಟೆ ಮೇಲೇನೇ. ಅರ್ಜೆಂಟಿದ್ರೆ ನನ್ನಾರಿ ಶರಬತ್ತಿದೆ ನೋಡಿ, ಒಳ್ಳೆ ತಂಪು."

ನನ್ನಾರಿ ಎಂದರೆ ಸೊಗದೆ ಬೇರಿನ ಶರಬತ್ತು, ಬೇಸಿಗೆಯಲ್ಲಿ ನಮ್ಮ ಕಡೆ ನಿಂಬೆಹಣ್ಣು ಹಿಂಡಿ ಕುಡಿಯುವಂಥದ್ದು. ಬಾಟಲಿಯನ್ನು ಬೆಳಕಿಗೆ ಹಿಡಿದೆ. ಕಂದುಗೆಂಪು. ರೂತಮ್ಮನ ರಸದ ಬಣ್ಣವೇ. ಅಷ್ಟೇ ಸಾಕಾಯಿತು.

ಅಯ್ಯನವರಿಗೆ ಹೇಳಿಬಿಡಬೇಕೆಂದು ಒಳಕೋಣೆಯ ಬಾಗಿಲವರೆಗೆ ಹೋದೆ, ಸತ್ಯವಾಗಿ. ಹೇಳಿದ್ದರೆ ಪ್ರಭುಭೋಜನವನ್ನು ಮುಂದಿನ ವಾರಕ್ಕೆ ಹಾಕುತ್ತಿದ್ದರು, ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಅವರು ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತ ಕೂತಿದ್ದರು. ನನ್ನನ್ನು ನೋಡಿ, "ಏನು? ಇವತ್ತು ಗಂಟೆ ಸರಿಯಾಗಿ ಹೊಡಿತೀಯ ತಾನೇ?" ಎಂದರು. ಕಮಿಟಿ ಕಣ್ಣಮುಂದೆ ಬಂತು. "ಹೊಡಿತೀನಿ ಅಯ್ಯನವ್ರೇ" ಎಂದು ಹಿಂದೆ ಸರಿದೆ. ಶರಬತ್ತಿಗೆ ನೀರು ಬೆರೆಸಿ ಮೇಜಿನ ಮೇಲೆ ಇಟ್ಟೆ.

ಆರಾಧನೆಯುದ್ದಕ್ಕೂ ನಾನು ನೋಡುತ್ತಿದ್ದದ್ದು ಜನರ ಮುಖ. ಅಯ್ಯನವರಿಗೆ ಮೂಗು ಕಟ್ಟಿತ್ತು, ರುಚಿ ತಿಳಿಯಲಿಲ್ಲ. ಕೆಲವರು ಹುಬ್ಬೇರಿಸಿದರು. ಮೊಣಕಾಲೂರಿಕೊಂಡು ಯಾರೂ ಕೇಳುವ ಹಾಗಿಲ್ಲವಲ್ಲ. ಹೊರಗೆ ಬಂದ ಮೇಲೆ ಒಬ್ಬ ಮುದುಕಿ ನನ್ನ ತೋಳು ಹಿಡಿದು, "ರೂತಮ್ಮಂಗೆ ಹೇಳಪ್ಪ, ಈ ಸಲ ರಸ ಬಲು ಚೆನ್ನಾಗಿತ್ತು. ಏಲಕ್ಕಿ ಹಾಕಿದಾಳಾ?" ಎಂದಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅಂತೂ ಮುಗಿಯಿತೆಂದು ಉಸಿರುಬಿಟ್ಟೆ.

ಮುಗಿದಿರಲಿಲ್ಲ. ಅಯ್ಯನವರು ಹಿಂದಿನಿಂದ ಬಂದರು. "ಸಮಾಧಾನ, ಚಿಕ್ಕ ಪೆಟ್ಟಿಗೆ ತಗೋ. ಚಿನ್ನಪ್ಪ ಹೇಳಿ ಕಳಿಸಿದಾನೆ, ಇವತ್ತು ತಗೋತಾನಂತೆ!"

ಚಿಕ್ಕ ಪೆಟ್ಟಿಗೆ ಎಂದರೆ ಹಾಸಿಗೆ ಹಿಡಿದವರ ಮನೆಗೆ ರೊಟ್ಟಿ, ರಸ ಒಯ್ಯುವ ಮರದ ಡಬ್ಬಿ. ಚಿನ್ನಪ್ಪಣ್ಣನಿಗೆ ನಾಲ್ಕು ತಿಂಗಳಿಂದ ಶ್ವಾಸಕೋಶದ ಕ್ಯಾನ್ಸರ್. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಚರ್ಚಿನಲ್ಲಿ ಉಳಿದ ರಸವನ್ನೇ ಪೆಟ್ಟಿಗೆಗೆ ತುಂಬುವುದು ಪದ್ಧತಿ. ತುಂಬಿದೆ.

ಸ್ಕೂಟರಿನ ಹಿಂದೆ ಕೂತು ಪೆಟ್ಟಿಗೆಯನ್ನು ತಬ್ಬಿಕೊಂಡಿದ್ದೆ. "ಅಯ್ಯನವ್ರೇ, ಒಂದು ಮಾತು" ಎಂದು ಎರಡು ಸಲ ಬಾಯಿ ತೆಗೆದೆ. ಅವರು ಗಾಳಿಯಲ್ಲಿ ಕೂಗಿ ಹೇಳುತ್ತಿದ್ದರು: "ಎಷ್ಟು ವರ್ಷದಿಂದ ಕರಿತಿದೀನಿ ಗೊತ್ತಾ ಆ ಮನುಷ್ಯನ್ನ? ಇವತ್ತು ಅವನಾಗಿ ಕರೆಸಿದಾನೆ, ಸಮಾಧಾನ! ಅವನಾಗೇ!" ಅವರ ದನಿ ಕಟ್ಟಿಕೊಂಡಿತ್ತು, ನೆಗಡಿಯಿಂದ ಮಾತ್ರ ಅಲ್ಲ. ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಮರ್ಫಿ ಟೌನಿನ ಆ ಒಂದು ಕೋಣೆಯ ಮನೆಯಲ್ಲಿ ಚಿನ್ನಪ್ಪಣ್ಣ ದಿಂಬಿಗೆ ಒರಗಿದ್ದರು. ಪಕ್ಕದಲ್ಲಿ ಹೆಂಡತಿ ಸೆಲ್ವಕ್ಕ. ಪ್ರಾರ್ಥನೆ ಆಯಿತು. ಬಟ್ಟಲು ಎತ್ತುವ ಮೊದಲು ಚಿನ್ನಪ್ಪಣ್ಣ ಕೈ ಅಡ್ಡ ಹಿಡಿದು, "ಹಿಂದಿನ ಗೋಡೆ ಬಾಕಿ ಇದೆ ಅಯ್ಯನವ್ರೇ. ಈ ವರ್ಷ ಆಗ್ಲಿಲ್ಲ" ಎಂದರು.

"ಗೋಡೆ ನಾವು ನೋಡ್ಕೋತೀವಿ. ನೀನು ಬಾಯಿ ತೆಗಿ, ಸಾಕು" ಎಂದರು ಅಯ್ಯನವರು.

ಬಾಯಿ ತೆಗೆದರು. ರೊಟ್ಟಿ ಆಯಿತು. ಬಟ್ಟಲಿನಿಂದ ಒಂದು ಗುಟುಕು. ನುಂಗಿದ ಮೇಲೆ ಅವರು ಅಯ್ಯನವರನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಬಟ್ಟಲ ಅಂಚಿನ ಮೇಲಿನಿಂದ ನೇರ ನನ್ನನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ. ನಾನು ತಲೆ ತಗ್ಗಿಸಿ ಪೆಟ್ಟಿಗೆಯ ಚಿಲಕ ಹಾಕಿದೆ.

ಮಂಗಳವಾರ ಮಧ್ಯಾಹ್ನ ಹೋಗಿಬಿಟ್ಟರು. ಅವರಿಗಾಗಿ ನಾನೇ ಗಂಟೆ ಹೊಡೆದೆ, ನಡುನಡುವೆ ಹತ್ತು ಎಣಿಸಿ.

ನನ್ನ ಸಂಕಟ ಏನೆಂದು ಬಿಡಿಸಿ ಹೇಳುತ್ತೇನೆ. ಇಪ್ಪತ್ತು ವರ್ಷ ಹೆದರಿ ದೂರ ನಿಂತಿದ್ದ ಮನುಷ್ಯ ಕೊನೆಗೊಮ್ಮೆ ಕ್ಷಮೆಯನ್ನು ನಂಬಿ ಬಾಯಿ ತೆಗೆದ. ಆ ಬಾಯಿಗೆ ನಾನು ಶರಬತ್ತು ಹಾಕಿದೆ. ಅವನಿಗೆ ಸಲ್ಲಬೇಕಾದದ್ದು ಸಂದಿತೋ ಇಲ್ಲವೋ? ಆ ನೋಟದ ಅರ್ಥ ಅದೇ ಅಲ್ಲವೇ, 'ಏನ್ ಮಾಡ್ಬಿಟ್ಟೆ ಸಮಾಧಾನ' ಎಂದು? ಯಾರನ್ನು ಕೇಳಲಿ? ಆ ಅಯ್ಯನವರಿಗೆ ವರ್ಗವಾಯಿತು, ಎರಡು ವರ್ಷದಲ್ಲಿ ತೀರಿಕೊಂಡರು. ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಅಯ್ಯನವರನ್ನು ಒಮ್ಮೆ ಸುತ್ತಿ ಬಳಸಿ ಕೇಳಿದೆ: "ಎಲ್ಲೋ ಒಂದ್ ಕಡೆ ರಸದ ಬದಲು ಬೇರೆ ಏನೋ ಕೊಟ್ಬಿಟ್ರಂತೆ. ಅದು ನಡಿಯುತ್ತಾ ಅಯ್ಯನವ್ರೇ?" ಅವರು ಪುಸ್ತಕದಿಂದ ತಲೆಯೆತ್ತಿ, "ಯಾಕೆ ಅಂಕಲ್, ಇಲ್ಲೇನಾದ್ರೂ ಆಯ್ತಾ?" ಎಂದರು. "ಇಲ್ಲ ಇಲ್ಲ, ಸುಮ್ನೆ" ಎಂದು ಕಸಬರಿಕೆ ಹಿಡಿದು ಹೊರಗೆ ಬಂದೆ.

ಅಂದಿನಿಂದ ಬಾಟಲಿ ತೊಳೆಯುವ ಹುಚ್ಚು ಹಿಡಿಯಿತು. ಬಿಸಿನೀರಿನಲ್ಲಿ ಮೂರು ಸಲ, ಉಪ್ಪು ಹಾಕಿ ಒಂದು ಸಲ. ರಸವನ್ನು ಶನಿವಾರ ಎರಡು ಸಲ, ಭಾನುವಾರ ಒಂದು ಸಲ ಮೂಸುವುದು. ಕೊರೊನಾ ಬಂದ ಮೇಲೆ ಬೆಳ್ಳಿ ಬಟ್ಟಲು ಹೋಗಿ ತಟ್ಟೆಯ ತುಂಬ ಪುಟ್ಟ ಪುಟ್ಟ ಲೋಟಗಳು ಬಂದವು. ನನಗೆ ಒಂದು ಬಾಟಲಿಯ ಚಿಂತೆಯ ಜಾಗದಲ್ಲಿ ನೂರೈವತ್ತು ಲೋಟಗಳ ಚಿಂತೆ. "ತೊಳ್ದು ತೊಳ್ದು ಗಾಜೇ ಸವ್ದೋಗುತ್ತೆ ಕಣ್ರೀ" ಎಂದು ರೂತಮ್ಮ ಬೈಯುತ್ತಿದ್ದಳು.

ಇನ್ನೊಂದು ಮಾತು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಭಾನುವಾರದಿಂದ ನಾನು ಪ್ರಭುಭೋಜನ ತೆಗೆದುಕೊಳ್ಳಲಿಲ್ಲ. ಸೇವಕನಿಗೆ ಇದು ಸುಲಭ. ಎಲ್ಲರೂ ಮೊಣಕಾಲೂರುವಾಗ ಅವನು ಬಟ್ಟೆ ಮಡಚುತ್ತಿರಬಹುದು, ಕಿಟಕಿ ಹಾಕುತ್ತಿರಬಹುದು. ಆಮೇಲೆ ತೆಗೆದುಕೊಂಡಿರುತ್ತಾನೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ರೂತಮ್ಮನಿಗೆ ಮಾತ್ರ ಅನುಮಾನ. ಕೇಳಿದಾಗೆಲ್ಲ "ಬಾಯಿ ಹುಣ್ಣು" ಎನ್ನುತ್ತಿದ್ದೆ. ಹನ್ನೊಂದು ವರ್ಷದ ಬಾಯಿ ಹುಣ್ಣು!

ಪುಷ್ಪಾಳ ಕೈಗೆ ಬೀಗದ ಕೈ ಕೊಟ್ಟ ಮೇಲೆ ಬಂದ ಮೊದಲ ಪ್ರಭುಭೋಜನದ ಭಾನುವಾರ ನನ್ನ ಬಣ್ಣ ಬಯಲಾಯಿತು. ಮಡಚಲು ಬಟ್ಟೆಯಿಲ್ಲ, ಹಾಕಲು ಕಿಟಕಿಯಿಲ್ಲ. ಜನ ಮುಂದೆ ಹೋಗಲು ಎದ್ದರು. ನಾನೂ ಎದ್ದೆ, ಚಪ್ಪಲಿ ಮೆಟ್ಟಿದೆ, ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಂತಾಗ ತಿಳಿಯಿತು, ನಾನು ಕೂತಿದ್ದದ್ದು ಕೊನೆಯ ಬೆಂಚು. ಚಿನ್ನಪ್ಪಣ್ಣನ ಜಾಗ. ಅವರು ಹೋಗುತ್ತಿದ್ದ ಹಾಗೆಯೇ ಹೊರಟುಬಂದಿದ್ದೆ. ನಾನೂ ಹೀಗೇ ಹೊರಗಿದ್ದು ಸತ್ತುಹೋಗುತ್ತೇನೆ ಎಂದು ಭಯವಾಯಿತು.

ಮರುದಿನ ಬೆಳಿಗ್ಗೆ ಮರ್ಫಿ ಟೌನಿಗೆ ಹೋದೆ. ಸೆಲ್ವಕ್ಕನಿಗೆ ಈಗ ಎಪ್ಪತ್ತು ದಾಟಿದೆ, ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಹನ್ನೊಂದು ವರ್ಷ ಅವರ ಮುಖ ತಪ್ಪಿಸಿ ಓಡಾಡಿದ್ದೆ. ಇವತ್ತು ಉಗಿದು ಕಳಿಸಲಿ, ಅಳಲಿ, ಏನಾದರೂ ಆಗಲಿ ಎಂದು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬೂಷ್ಟು, ಅಂಗಡಿ, ನನ್ನಾರಿ, ಸ್ಕೂಟರು, ಎಲ್ಲ.

ಸೆಲ್ವಕ್ಕ ಸೊಪ್ಪು ಕೆಳಗಿಟ್ಟರು. "ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ತಂಬಿ? ನಂಗೆ ಅವತ್ತೇ ಗೊತ್ತಿತ್ತು."

"ಏನು?"

"ನೀವಿಬ್ರೂ ಹೋದ್ರಲ್ಲ, ಇವ್ರು ನಗಾಡೋಕೆ ಶುರು ಮಾಡ್ಬಿಟ್ರು. ಕೆಮ್ಮು, ನಗು, ಕೆಮ್ಮು. 'ಸೆಲ್ವಿ, ಅದು ನನ್ನಾರಿ ಕಣೇ' ಅಂದ್ರು. ನಾನು ಜ್ವರ ಏರಿ ಏನೋ ಬಡಬಡಿಸ್ತಿದಾರೆ ಅಂದ್ಕೊಂಡೆ. 'ಇಲ್ವೇ, ಹೆಂಡ ಬಿಟ್ಟ ಮೇಲೆ ಇಷ್ಟು ವರ್ಷ ನಾನ್ ಕುಡ್ದಿದ್ದು ಅದೊಂದೇ, ನಂಗೆ ಗೊತ್ತಾಗಲ್ವಾ?' ಅಂದ್ರು."

ನಾನು ಅವರ ಪಕ್ಕ ಹೊಸ್ತಿಲ ಮೇಲೆ ಕೂತೆ.

"ನಾನು ಗಾಬರಿಯಾಗಿ, ಅಯ್ಯನವ್ರನ್ನ ವಾಪಸ್ ಕರಿಲಾ, ಸರಿಯಾದ್ದು ತರ್ತಾರೆ ಅಂದೆ. ಬೇಡ ಅಂದ್ರು. 'ನಾನ್ ಸರಿ ಇಲ್ಲ ಅಂತ ಇಷ್ಟು ವರ್ಷ ಎದ್ದು ಹೋದೆ. ಈಗ ರಸ ಸರಿ ಇಲ್ಲ ಅಂತ ಹೋಗ್ಲಾ? ಕೊಟ್ಟೋನು ಕೊಟ್ಟ, ನಾನು ತಗೊಂಡೆ. ಮುಗೀತು' ಅಂದ್ರು. ಆಮೇಲೆ ಚೆನ್ನಾಗಿ ನಿದ್ದೆ ಮಾಡಿದ್ರು ತಂಬಿ. ಮಗು ಹೋದ್ಮೇಲೆ ಅಂಥ ನಿದ್ದೆ ನಾನು ನೋಡಿರ್ಲಿಲ್ಲ."

"ಮತ್ತೆ ನನ್ನನ್ನ ಹಾಗೆ ನೋಡಿದ್ದು?"

"ಪಾಪ ಅಂತ ನೋಡಿದ್ದು ಕಣಪ್ಪ! 'ಸಮಾಧಾನ ಏನೋ ಎಡವಟ್ಟು ಮಾಡ್ಕೊಂಡಿದಾನೆ, ಮುಖ ಬಿಳುಚ್ಕೊಂಡಿತ್ತು. ಅವನಿಗೆ ಏನೂ ಹೇಳ್ಬೇಡ, ಗೊತ್ತಾಯ್ತು ಅಂದ್ರೆ ಹೆದ್ರಿ ಸತ್ತೋಗ್ತಾನೆ' ಅಂದ್ರು. ಅದಕ್ಕೇ ನಾನೂ ಬಾಯಿ ಬಿಡ್ಲಿಲ್ಲ."

ಸೆಲ್ವಕ್ಕನ ಮುಂದೆ ನಾನು ಹೋ ಎಂದು ಅತ್ತುಬಿಟ್ಟೆ, ವಯಸ್ಸಾದವನು. ಅವರು ಸೆರಗಿನಲ್ಲಿ ನನ್ನ ಮುಖ ಒರೆಸಿ ಕಾಫಿ ಮಾಡಲು ಎದ್ದರು. ನಾನು ತುಂಬಿದ ಶರಬತ್ತಿನ ಗುಟುಕು ಗಂಟಲಿಂದ ಇಳಿಯುವ ಮೊದಲೇ ಆ ಮನುಷ್ಯ ನನ್ನನ್ನು ಕ್ಷಮಿಸಿಬಿಟ್ಟಿದ್ದರು. ನಾನು ಕೇಳಿರಲಿಲ್ಲ, ಒಪ್ಪಿಕೊಂಡಿರಲಿಲ್ಲ. ಅದು ತಿಳಿಯದೆ ಹನ್ನೊಂದು ವರ್ಷ ಬಾಟಲಿ ತೊಳೆದೆ. ಅವರು ಗೋಡೆ ಬಳಿದ ಹಾಗೆ. ನೂರು ಸಲ ಕೇಳಿದ ಆ ಪ್ರಸಂಗ ಬ್ಯಾಟರಿಯ ಚಿಂತೆಯಿಲ್ಲದೆ ನನ್ನ ಕಿವಿಗೆ ಬಿದ್ದದ್ದು ಅವತ್ತು.

ಮುಂದಿನ ತಿಂಗಳ ಮೊದಲ ಭಾನುವಾರ ಮುಂದೆ ಹೋಗಿ ಮೊಣಕಾಲೂರಿದೆ. ಪಕ್ಕದಲ್ಲಿ ರೂತಮ್ಮ. "ಹುಣ್ಣು ವಾಸಿಯಾಯ್ತಾ?" ಎಂದು ಪಿಸುಗುಟ್ಟಿದಳು. ರೊಟ್ಟಿ ಬಂತು, ತಟ್ಟೆ ಬಂತು. ಪುಟ್ಟ ಲೋಟ ತೆಗೆದು ಬಾಯಿಗಿಟ್ಟೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಆದರೂ ಕುಡಿದೆ. ರಸ ಕಮಟಾಗಿತ್ತು. ತಳ ಹಿಡಿದು ಸೀದ ವಾಸನೆ.

ತಲೆಯೆತ್ತಿದೆ. ಒಳಕೋಣೆಯ ಬಾಗಿಲಲ್ಲಿ ಪುಷ್ಪಾ ನಿಂತಿದ್ದಳು, ಸೆರಗು ಕೈಯಲ್ಲಿ ಮುದುಡಿ ಹಿಡಿದು, ಒಬ್ಬೊಬ್ಬರ ಮುಖವನ್ನೇ ನೋಡುತ್ತ. ಅವಳ ಕಣ್ಣು ನನ್ನ ಮೇಲೆ ಬಂದು ನಿಂತಿತು. ಚಕ್ಕನೆ ತಲೆ ತಗ್ಗಿಸಿದಳು.

ಆರಾಧನೆ ಮುಗಿದ ಕೂಡಲೇ, ಯಾರ ಕೈಯನ್ನೂ ಕುಲುಕದೆ, ನೇರ ಅವಳ ಹತ್ತಿರ ಹೋದೆ. "ಪುಷ್ಪಾ, ಸೀದುಹೋಗಿತ್ತು ಕಣಮ್ಮ, ನಂಗೆ ಗೊತ್ತಾಯ್ತು" ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ಏನೂ ಆಗಿಲ್ಲ. ನಾನು ತಗೊಂಡೆ. ನೀನು ಇವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡು" ಎಂದು, ಚಿನ್ನಪ್ಪಣ್ಣ ನನಗೆ ಹೇಳದೆ ಉಳಿಸಿದ್ದನ್ನು ಅವಳಿಗೆ ಅಲ್ಲೇ ನಿಂತು ಹೇಳಿದೆ. ಒಂದು ದಿನವೂ ಕಾಯಿಸಲಿಲ್ಲ.